ಹಳೆಯ ಗೀಸರ್ ಯಾಕೆ ಹೋಯಿತು? ಕೊಡಗಿನ ಮನೆಗಳಲ್ಲಿ ಹೊಸದನ್ನು ಹಾಕಿಸುವ ಮುನ್ನ ತಿಳಿದಿರಬೇಕಾದದ್ದು

ಕೊಡಗಿನ ಮನೆಗಳಲ್ಲಿ ಗೀಸರ್ ಕೈಕೊಡುವುದು ಸಾಮಾನ್ಯವಾಗಿ ಅದು ಬಹಳ ಬೇಕಾಗಿರುವ ದಿನಗಳಲ್ಲೇ. ಕಕ್ಕಡದ ಮಳೆ ಬಿಡುವಿಲ್ಲದೆ ಹೊಯ್ಯುತ್ತಿರುವಾಗ ಕೆಡುತ್ತದೆ, ಇಲ್ಲವೇ ಹುತ್ತರಿ ಕಳೆದು ಕಾಫಿ ಕೊಯ್ಲಿನ ಚಳಿ ಹಿಡಿದಿರುವಾಗ. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ನೀರು ತಣ್ಣಗಿದ್ದಷ್ಟೂ ಕಾಯಿಲ್ ಹೆಚ್ಚು ಹೊತ್ತು ಕೆಲಸ ಮಾಡಬೇಕಾಗುತ್ತದೆ, ಮಳೆಗಾಲದಲ್ಲಂತೂ ಕರೆಂಟ್ ಹೋಗಿ ಬರುವುದೂ ವೋಲ್ಟೇಜ್ ಏರಿಳಿಯುವುದೂ ದಿನನಿತ್ಯದ ಮಾತು. ಆಗ ಮನೆಯವರು ಅವಸರದಲ್ಲಿ ಮಡಿಕೇರಿಗೋ ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋಗಿ, ಹಳೆಯದರಷ್ಟೇ ಲೀಟರಿನ ಹೊಸ ಗೀಸರ್ ತಂದು, ಸಿಕ್ಕಿದ ಕೆಲಸಗಾರನಿಂದ ಅದೇ ಮೊಳೆಗೆ, ಅದೇ ಪೈಪಿಗೆ, ಅದೇ ಪ್ಲಗ್ಗಿಗೆ ಜೋಡಿಸಿಬಿಡುತ್ತಾರೆ. ಬಿಸಿನೀರು ಬಂತೆಂದರೆ ಕೆಲಸ ಮುಗಿಯಿತೆಂದೇ ಎಲ್ಲರ ಭಾವನೆ. ಆದರೆ ಹಳೆಯ ಗೀಸರನ್ನು ಕೆಡಿಸಿದ ಕಾರಣ ನೀರಿನಲ್ಲೋ ಪೈಪಿನಲ್ಲೋ ವೈರಿಂಗಿನಲ್ಲೋ ಹಾಗೆಯೇ ಉಳಿದಿದ್ದರೆ, ಅದು ಹೊಸದನ್ನೂ ಕೆಲವೇ ವರ್ಷಗಳಲ್ಲಿ ಅದೇ ಗತಿಗೆ ತರುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಕಾರಣ ವೈರಿಂಗಿಗೆ ಸಂಬಂಧಿಸಿದ್ದಾದರೆ ಸ್ನಾನಕ್ಕೆ ನಿಂತವರ ಜೀವಕ್ಕೇ ಅಪಾಯ. ಕೆಲಸ ಬಲ್ಲವರು ಹೊಸದರ ಪೆಟ್ಟಿಗೆ ಬಿಚ್ಚುವ ಮೊದಲು ಹಳೆಯದು ಯಾಕೆ ಹೋಯಿತೆಂದು ಪತ್ತೆ ಮಾಡುವುದು ಇದಕ್ಕಾಗಿಯೇ.

ಗೀಸರಿನ ಒಳಗೆ ನಡೆಯುವುದೇನೆಂದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಹೊರಗೆ ಕಾಣುವುದು ತಗಡಿನ ಅಥವಾ ಪ್ಲಾಸ್ಟಿಕ್ಕಿನ ಕವಚ. ಅದರೊಳಗೆ ಶಾಖವನ್ನು ಹಿಡಿದಿಡುವ ಫೋಮ್ ಪದರ, ಅದರೊಳಗೆ ನೀರು ತುಂಬಿದ ಟ್ಯಾಂಕ್ ಇರುತ್ತದೆ. ನೀಲಿ ಗುರುತಿನ ಪೈಪಿನಿಂದ ಬರುವ ತಣ್ಣೀರು ಟ್ಯಾಂಕಿನ ತಳದಲ್ಲಿ ಸೇರಿಕೊಳ್ಳುತ್ತದೆ; ಕೆಂಪು ಗುರುತಿನ ಪೈಪ್ ಹೊರಗಿನಿಂದ ನೋಡಿದರೆ ತಳದಲ್ಲೇ ಇದ್ದರೂ ಒಳಗೆ ಟ್ಯಾಂಕಿನ ನೆತ್ತಿಯವರೆಗೆ ಚಾಚಿಕೊಂಡಿರುತ್ತದೆ. ಕಾದ ನೀರು ಹಗುರವಾಗಿ ಮೇಲೇರುವುದರಿಂದ, ನಲ್ಲಿ ತಿರುಗಿಸಿದಾಗ ತಳಕ್ಕೆ ಬಂದ ತಣ್ಣೀರು ಮೇಲಿನ ಬಿಸಿನೀರನ್ನು ಆ ಪೈಪಿನೊಳಕ್ಕೆ ತಳ್ಳುತ್ತದೆ. ಅಂದರೆ ಎಷ್ಟು ತಣ್ಣೀರು ಒಳಗೆ ಬರುತ್ತದೋ ಅಷ್ಟೇ ಬಿಸಿನೀರು ಹೊರಗೆ ಹೋಗುತ್ತದೆ. ಮೇಲಿನ ನೀರಿನ ಟ್ಯಾಂಕ್ ಖಾಲಿಯಾದರೆ ಬಿಸಿನೀರಿನ ನಲ್ಲಿಯೂ ನಿಂತುಹೋಗುವುದು, ನಿಂತ ಮೇಲೂ ಗೀಸರ್ ತುಂಬಿಯೇ ಇರುವುದು ಈ ಕಾರಣದಿಂದ.

ನೀರು ಕಾಯಿಸುವ ಕಾಯಿಲ್ ತಾಮ್ರದ ಅಥವಾ ತುಕ್ಕು ಹಿಡಿಯದ ಮಿಶ್ರಲೋಹದ ಕೊಳವೆ. ಅದರ ನಡುವೆ ನಿಕ್ರೋಮ್ ತಂತಿ ಹಾದುಹೋಗಿರುತ್ತದೆ. ತಂತಿಗೂ ಕೊಳವೆಗೂ ನಡುವಿನ ಜಾಗದಲ್ಲಿ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಒತ್ತಿ ತುಂಬಿರುತ್ತಾರೆ. ಈ ಪುಡಿ ಶಾಖವನ್ನು ನೀರಿಗೆ ದಾಟಿಸುತ್ತದೆ, ವಿದ್ಯುತ್ತನ್ನು ದಾಟಿಸುವುದಿಲ್ಲ. ನೀರು ನಿಗದಿಯಾದ ಬಿಸಿಗೆ ಬಂದಾಗ ಕರೆಂಟ್ ಕಡಿಯುವುದು ಥರ್ಮೋಸ್ಟಾಟಿನ ಕೆಲಸ. ಅದು ಕೆಟ್ಟು ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯಲು ಥರ್ಮಲ್ ಕಟ್‌ಔಟ್ ಇದೆ. ಅದೂ ಕೈಕೊಟ್ಟರೆ ಒತ್ತಡವನ್ನು ಹೊರಬಿಡಲು ತಣ್ಣೀರಿನ ಬಾಯಿಗೆ ಕೂರಿಸಿದ ಸೇಫ್ಟಿ ವಾಲ್ವ್ ಇದೆ. ಇವುಗಳ ಜೊತೆಗೆ, ಒಳಗೆ ಗಾಜಿನ ಲೇಪ ಕೊಟ್ಟ ಉಕ್ಕಿನ ಟ್ಯಾಂಕುಗಳಲ್ಲಿ ಮೆಗ್ನೀಷಿಯಂ ಲೋಹದ ಒಂದು ಕಡ್ಡಿ ಇರುತ್ತದೆ. ಅದನ್ನು ಆ್ಯನೋಡ್ ಎನ್ನುತ್ತಾರೆ. ಬಳಸುವವರಲ್ಲಿ ಬಹುಪಾಲು ಜನರಿಗೆ ಅದು ಇರುವ ವಿಷಯವೇ ಗೊತ್ತಿರುವುದಿಲ್ಲ.

ಕೆಟ್ಟ ಗೀಸರನ್ನೆಲ್ಲ ಬದಲಿಸಲೇಬೇಕೆಂದಿಲ್ಲ. ದೀಪ ಉರಿಯುತ್ತಿದ್ದೂ ನೀರು ಕಾಯದಿದ್ದರೆ ಕಾಯಿಲ್ ಅಥವಾ ಥರ್ಮೋಸ್ಟಾಟ್ ಹೋಗಿರಬಹುದು. ಎರಡನ್ನೂ ಬಿಡಿಯಾಗಿ ಬದಲಿಸಬಹುದು. ಕೆಳಗಿನ ಮುಚ್ಚಳದ ಸುತ್ತ ನೀರು ಜಿನುಗುತ್ತಿದ್ದರೆ ಹಲವು ಬಾರಿ ರಬ್ಬರ್ ಗ್ಯಾಸ್ಕೆಟ್ ಒಂದನ್ನು ಹಾಕಿದರೆ ಸಾಕು. ಸ್ವಿಚ್ ಹಾಕಿದೊಡನೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್) ಬೀಳುತ್ತಿದ್ದರೆ ಕಾಯಿಲಿನ ಕೊಳವೆ ಬಿರಿದು ನೀರು ಒಳಗಿನ ಪುಡಿಗೆ ಸೇರಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಆಗ ಆರ್‌ಸಿಸಿಬಿಯನ್ನು ದೂರಿ ಅದನ್ನು ತಪ್ಪಿಸಿ ಸಂಪರ್ಕ ಕೊಡಿಸುವುದು ಅತ್ಯಂತ ಅಪಾಯದ ಕೆಲಸ. ಆದರೆ ಹೊರಕವಚದ ಅಡಿಯಿಂದ ನೀರು ತೊಟ್ಟಿಕ್ಕುತ್ತಿದ್ದು, ಕವಚ ಬಿಚ್ಚಿ ನೋಡಿದಾಗ ಫೋಮ್ ಒದ್ದೆಯಾಗಿದ್ದರೆ, ಅಥವಾ ತಣ್ಣೀರು ತಿಳಿಯಾಗಿದ್ದು ಬಿಸಿನೀರು ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ, ಟ್ಯಾಂಕೇ ತೂತು ಬಿದ್ದಿದೆ ಅಥವಾ ಬೀಳುವುದರಲ್ಲಿದೆ. ತೂತು ಬಿದ್ದ ಟ್ಯಾಂಕಿಗೆ ಬೆಸುಗೆ ಹಾಕಿಸುವುದರಿಂದ ಪ್ರಯೋಜನವಿಲ್ಲ. ಬೆಸುಗೆಯ ಬಿಸಿಗೆ ಒಳಗಿನ ಗಾಜಿನ ಲೇಪ ಸಿಡಿದು ತುಕ್ಕು ಇನ್ನಷ್ಟು ಬೇಗ ಹರಡುತ್ತದೆ.

ಟ್ಯಾಂಕ್ ತೂತು ಬೀಳುವುದಕ್ಕೆ ಮೊದಲ ಕಾರಣ ನೀರಿನಲ್ಲಿರುತ್ತದೆ. ಈ ವಿಷಯದಲ್ಲಿ ಇಡೀ ಕೊಡಗಿಗೆ ಒಂದೇ ಉತ್ತರ ಇಲ್ಲ. ಭಾಗಮಂಡಲ, ಗಾಳಿಬೀಡು, ಮಡಿಕೇರಿಯಂಥ ಮಳೆ ಹೆಚ್ಚಿರುವ ಕಡೆ ತೊರೆಯಿಂದಲೋ ತೆರೆದ ಬಾವಿಯಿಂದಲೋ ಬರುವ ನೀರಿನಲ್ಲಿ ಲವಣಗಳು ಕಡಿಮೆ. ಅದು ಸಾಮಾನ್ಯವಾಗಿ ಮೆದು ನೀರು, ಕೊಂಚ ಆಮ್ಲೀಯವೂ ಆಗಿರುತ್ತದೆ. ಇಂಥ ನೀರು ಲೋಹವನ್ನು ಸದ್ದಿಲ್ಲದೆ ತಿನ್ನುತ್ತದೆ. ತಾಮ್ರದ ಟ್ಯಾಂಕಿರುವ ಮನೆಗಳಲ್ಲಿ ನಲ್ಲಿಯ ಕೆಳಗೆ ವಾಶ್‌ಬೇಸಿನ್ನಿನ ಮೇಲೆ ನೀಲಿ ಹಸಿರು ಕಲೆ ಮೂಡುವುದು ಇದರ ಲಕ್ಷಣ. ಕುಶಾಲನಗರದ ಕಡೆಗೆ ಇಳಿದು ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಹಲವೆಡೆ ಇದಕ್ಕೆ ವಿರುದ್ಧವಾದ ತೊಂದರೆ: ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಕಾಯಿಲಿನ ಮೇಲೆ ಬಿಳಿಯ ಪದರವಾಗಿ ಕಟ್ಟಿಕೊಳ್ಳುತ್ತದೆ. ಶಾಖ ನೀರಿಗೆ ದಾಟದೆ ಕಾಯಿಲ್ ತನ್ನ ಬಿಸಿಯಲ್ಲಿ ತಾನೇ ಬೆಂದು ಬಿರಿಯುತ್ತದೆ. ಮಳೆಗಾಲದಲ್ಲಿ ತೊರೆಯ ನೀರು ಕೆಂಪಾಗಿ ಬರುವ ಮನೆಗಳಲ್ಲಿ ನುಣುಪು ಮಣ್ಣೂ ಟ್ಯಾಂಕಿನ ತಳ ಸೇರುತ್ತದೆ.

ಗಾಜಿನ ಲೇಪ ಎಷ್ಟೇ ಚೆನ್ನಾಗಿದ್ದರೂ ಅದರಲ್ಲಿ ಕಣ್ಣಿಗೆ ಕಾಣದ ಸೂಜಿಮೊನೆಯಷ್ಟು ಬಿರುಕುಗಳು ಇದ್ದೇ ಇರುತ್ತವೆ. ಅಲ್ಲಿ ನೀರು ಉಕ್ಕನ್ನು ಮುಟ್ಟುತ್ತದೆ. ಕಬ್ಬಿಣಕ್ಕಿಂತ ಮೆಗ್ನೀಷಿಯಂ ರಾಸಾಯನಿಕವಾಗಿ ಹೆಚ್ಚು ಚುರುಕಾದ ಲೋಹವಾದ್ದರಿಂದ ಎರಡೂ ಒಂದೇ ನೀರಿನಲ್ಲಿದ್ದು ಪರಸ್ಪರ ಜೋಡಿಸಿಕೊಂಡಿರುವಾಗ ಮೆಗ್ನೀಷಿಯಂ ಮೊದಲು ಕರಗುತ್ತದೆ, ಅದು ಕರಗುವಷ್ಟು ಕಾಲ ಉಕ್ಕು ಉಳಿಯುತ್ತದೆ. ಹಳೆಯ ಗೀಸರಿನ ಕೆಳಮುಚ್ಚಳ ಬಿಚ್ಚಿಸಿದಾಗ ಮನೆಯವರು ಹತ್ತಿರ ನಿಂತು ನೋಡಬೇಕಾದದ್ದು ಈ ಕಡ್ಡಿಯನ್ನು. ಹೊಸದರಲ್ಲಿ ಅದು ಬೆರಳಿನಷ್ಟು ದಪ್ಪವಾಗಿ ನುಣುಪಾಗಿರುತ್ತದೆ. ಅರ್ಧ ಆಯುಸ್ಸು ಕಳೆದಾಗ ಮೈತುಂಬ ಗುಳಿ ಬಿದ್ದು, ಬೂದು ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ಸಣಕಲಾಗಿರುತ್ತದೆ. ಪೂರ್ತಿ ಮುಗಿದಾಗ ನಡುವಿನ ಉಕ್ಕಿನ ತಂತಿಯೊಂದೇ ಉಳಿದಿರುತ್ತದೆ, ಮುಟ್ಟಿದರೆ ಬಿಳಿಯ ಹುಡಿ ಉದುರುತ್ತದೆ. ತಂತಿ ಮಾತ್ರ ಉಳಿದಿರುವುದು ಕಂಡರೆ ಟ್ಯಾಂಕ್ ಯಾಕೆ ತೂತು ಬಿತ್ತೆಂಬುದಕ್ಕೆ ಬೇರೆ ಉತ್ತರ ಹುಡುಕಬೇಕಾಗಿಲ್ಲ. ಸಕಾಲದಲ್ಲಿ ಕಡ್ಡಿಯೊಂದನ್ನು ಬದಲಿಸಿದ್ದರೆ ಇಡೀ ಗೀಸರಿನ ಖರ್ಚು ಉಳಿಯುತ್ತಿತ್ತು. ಹೊಸದನ್ನು ಕೊಳ್ಳುವಾಗ ಆ್ಯನೋಡ್ ಬಿಡಿಯಾಗಿ ಸಿಗುತ್ತದೆಯೇ, ಅದನ್ನು ಬದಲಿಸಲು ಹತ್ತಿರದಲ್ಲಿ ಯಾರಾದರೂ ಬರುತ್ತಾರೆಯೇ ಎಂದು ಅಂಗಡಿಯಲ್ಲೇ ಕೇಳಬೇಕು. ನನ್ನ ದೃಷ್ಟಿಯಲ್ಲಿ ಬಣ್ಣ, ಡಿಸ್‌ಪ್ಲೇ, ಮೊಬೈಲಿನಿಂದ ನಿಯಂತ್ರಿಸುವ ಸೌಲಭ್ಯ ಇವೆಲ್ಲಕ್ಕಿಂತ ಈ ಪ್ರಶ್ನೆಯ ಉತ್ತರ ದೊಡ್ಡದು.

ಇನ್ನು ಎಷ್ಟು ಲೀಟರಿನದು ಬೇಕೆಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬೇಕು. ಕರಾವಳಿಯಲ್ಲಿರುವ ನೆಂಟರ ಮನೆಯಲ್ಲಿ ಸಾಕಾದದ್ದು ಇಲ್ಲಿ ಸಾಲುವುದಿಲ್ಲ. ಚಳಿಗಾಲದ ಬೆಳಿಗ್ಗೆ ಮಡಿಕೇರಿಯ ನೀರು 18 ಡಿಗ್ರಿ ಸೆಲ್ಸಿಯಸ್ ಎಂದೂ ಮಂಗಳೂರಿನದು 27 ಡಿಗ್ರಿ ಎಂದೂ ಇಟ್ಟುಕೊಳ್ಳೋಣ. 25 ಲೀಟರ್ ನೀರನ್ನು 60 ಡಿಗ್ರಿಗೆ ಕಾಯಿಸಿ, ತಣ್ಣೀರು ಬೆರೆಸಿ 40 ಡಿಗ್ರಿಯ ಸ್ನಾನದ ನೀರು ಮಾಡಿಕೊಂಡರೆ ಮಂಗಳೂರಿನಲ್ಲಿ ಸುಮಾರು 63 ಲೀಟರ್ ಸಿಗುತ್ತದೆ, ಮಡಿಕೇರಿಯಲ್ಲಿ 48 ಲೀಟರ್ ಮಾತ್ರ. ಅಷ್ಟು ಕಾಯಿಸಲು ಇಲ್ಲಿ 1.2 ಯೂನಿಟ್‌ಗಿಂತ ಕೊಂಚ ಹೆಚ್ಚು ವಿದ್ಯುತ್ ಬೇಕು. 2,000 ವ್ಯಾಟ್ ಕಾಯಿಲ್ ಇದ್ದರೆ ಸುಮಾರು 37 ನಿಮಿಷ ಹಿಡಿಯುತ್ತದೆ. ಹೀಗಾಗಿ ಒಬ್ಬರ ನಂತರ ಒಬ್ಬರು ಸ್ನಾನ ಮಾಡುವ ನಾಲ್ಕು ಜನರ ಮನೆಗೆ 15 ಲೀಟರಿನದು ಸಾಲದು; 25 ಲೀಟರಿನದು ಹೊಂದುತ್ತದೆ.

ಟ್ಯಾಂಕ್ ಚಿಕ್ಕದಿರುವ ಇನ್‌ಸ್ಟಂಟ್ ಗೀಸರ್ ಅಗ್ಗವೆಂದು ಕೊಳ್ಳುವವರೂ ಇದ್ದಾರೆ. 3,000 ವ್ಯಾಟ್‌ನ ಇನ್‌ಸ್ಟಂಟ್ ಗೀಸರ್ 18 ಡಿಗ್ರಿಯ ನೀರನ್ನು ಹರಿಯುತ್ತಿರುವಾಗಲೇ 40 ಡಿಗ್ರಿಗೆ ತರಬೇಕಾದರೆ ನಿಮಿಷಕ್ಕೆ ಎರಡು ಲೀಟರಿನಷ್ಟು ಮಾತ್ರ ಕೊಡಬಲ್ಲದು. 20 ಲೀಟರಿನ ಬಕೆಟ್ ತುಂಬಲು ಹತ್ತು ನಿಮಿಷ ಬೇಕು. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಅದೂ ಸಿಗುವುದಿಲ್ಲ. ಕಾಯಿಲ್ ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. 230ರ ಬದಲು 180 ವೋಲ್ಟ್ ಇದ್ದರೆ ವೋಲ್ಟೇಜಿನಲ್ಲಿ ಇಳಿದದ್ದು ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚಾದರೂ ಶಾಖ 61 ಪ್ರತಿಶತಕ್ಕೆ ಇಳಿಯುತ್ತದೆ. 37 ನಿಮಿಷದಲ್ಲಿ ಕಾಯುತ್ತಿದ್ದ 25 ಲೀಟರಿಗೆ ಆಗ ಒಂದು ಗಂಟೆ ಬೇಕು. ನೀರು ಬೇಗ ಕಾಯುತ್ತಿಲ್ಲವೆಂದು ಒಳ್ಳೆಯ ಗೀಸರನ್ನೇ ಕಳಚಿ ಹೊಸದು ಹಾಕಿಸಿದ ಮನೆಗಳುಂಟು. ಅಂಥ ಕಡೆ ಮೊದಲು ಬೆಳಗಿನ ಆರರಿಂದ ಎಂಟು ಗಂಟೆಯ ನಡುವೆ ಪ್ಲಗ್ಗಿನಲ್ಲಿ ವೋಲ್ಟೇಜ್ ಅಳೆಯಿಸಬೇಕು. ಕಡಿಮೆ ವೋಲ್ಟೇಜಿನಿಂದ ಸಾಧಾರಣ ಗೀಸರಿಗೆ ಹಾನಿಯೇನೂ ಇಲ್ಲ, ನಿಧಾನವಾಗುತ್ತದೆ ಅಷ್ಟೆ. ಅದಕ್ಕೆಂದು ಸ್ಟೆಬಿಲೈಸರ್ ಕೊಳ್ಳುವ ಅಗತ್ಯವಿಲ್ಲ.

ಕೊಳ್ಳುವ ಪೆಟ್ಟಿಗೆಯ ಮೇಲೆ ಐಎಸ್ 2082 ಎಂಬ ಸಂಖ್ಯೆಯೊಂದಿಗೆ ಐಎಸ್‌ಐ ಮುದ್ರೆ ಇರಬೇಕು. ಮುದ್ರೆಯ ಕೆಳಗಿನ ಪರವಾನಗಿ ಸಂಖ್ಯೆ ನಿಜವೇ ಎಂದು ಬಿಐಎಸ್ ಕೇರ್ ಆ್ಯಪಿನಲ್ಲಿ ನೋಡಬಹುದು. ನಕ್ಷತ್ರಗಳ ಲೇಬಲ್ ತಿಳಿಸುವುದು ಕಾದ ನೀರು ಸುಮ್ಮನೆ ನಿಂತಿರುವಾಗ ಎಷ್ಟು ಶಾಖ ಸೋರಿಹೋಗುತ್ತದೆ ಎಂಬುದನ್ನು. ಸ್ನಾನಕ್ಕೆ ಮುಂಚೆ ಹಾಕಿ ಆಮೇಲೆ ಆರಿಸುವ ಮನೆಗೆ ಅದು ಅಷ್ಟು ದೊಡ್ಡ ವಿಷಯವಲ್ಲವಾದರೂ, ಅತಿಥಿಗಳಿಗಾಗಿ ಹಗಲಿಡೀ ಹಾಕಿಡುವ ಹೋಮ್‌ಸ್ಟೇಗಳಿಗೆ ಬಹಳ ಮುಖ್ಯ.

ಒತ್ತಡದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಯಲುಸೀಮೆಯ ಮನೆಗಳಲ್ಲಿ ಕಾಣದ ಸಮಸ್ಯೆಯೊಂದು ಇಲ್ಲಿದೆ. ನೀರಿನ ಮಟ್ಟ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸುಮಾರು 1 ಬಾರ್ ಒತ್ತಡ ಬೀಳುತ್ತದೆ. ತಾರಸಿಯ ಮೇಲೆ ಟ್ಯಾಂಕಿರುವ ಮನೆಯಲ್ಲಿ ಇದು ಅರ್ಧ ಬಾರನ್ನೂ ಮುಟ್ಟುವುದಿಲ್ಲ. ಆದರೆ ಕೊಡಗಿನ ಎಷ್ಟೋ ಮನೆಗಳಿಗೆ ನೀರು ಬರುವುದು ತೋಟದ ಮೇಲ್ತುದಿಯ ತೊರೆಯಿಂದ ಅಥವಾ ಗುಡ್ಡದ ನೆತ್ತಿಯಲ್ಲಿ ಕಟ್ಟಿದ ತೊಟ್ಟಿಯಿಂದ. ಮನೆಗಿಂತ 60 ಮೀಟರ್ ಮೇಲಿನ ತೊಟ್ಟಿಯಿಂದ ನೇರವಾಗಿ ಪೈಪ್ ಎಳೆದಿದ್ದರೆ ರಾತ್ರಿ ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಗೀಸರಿನ ಮೇಲೆ 6 ಬಾರ್ ಒತ್ತಡ ನಿಂತಿರುತ್ತದೆ. 80 ಮೀಟರ್ ಆದರೆ 8 ಬಾರ್. ಸಾಮಾನ್ಯ ಗೀಸರುಗಳನ್ನು 6.5 ಅಥವಾ 8 ಬಾರ್ ತಡೆಯುವಂತೆ ಮಾಡಿರುತ್ತಾರೆ. ಆ ಸಂಖ್ಯೆ ಅದರ ಮೈಮೇಲಿನ ಚೀಟಿಯಲ್ಲಿ ಇರುತ್ತದೆ. ಅಂದರೆ ನೀರು ಕಾಯುವ ಮೊದಲೇ ಟ್ಯಾಂಕ್ ತನ್ನ ಮಿತಿಯಲ್ಲಿ ನಿಂತಿರುತ್ತದೆ. ಬೆಸುಗೆಯ ಗೆರೆಯುದ್ದಕ್ಕೂ ಟ್ಯಾಂಕ್ ಬಿರಿದಿದ್ದರೆ, ವಾಲ್ವಿನಿಂದ ಸದಾ ನೀರು ಸುರಿಯುತ್ತಿದ್ದರೆ, ನಲ್ಲಿಯ ವಾಶರುಗಳು ಆಗಾಗ ಹೋಗುತ್ತಿದ್ದರೆ, ಒತ್ತಡ ಅಳೆಯುವ ಗೇಜನ್ನು ನಲ್ಲಿಗೆ ಜೋಡಿಸಿ ನೋಡಿಸಬೇಕು. ಹೆಚ್ಚಿದ್ದರೆ ಮನೆಯ ಹತ್ತಿರ ಇನ್ನೊಂದು ಟ್ಯಾಂಕ್ ಇಟ್ಟು ಅಲ್ಲಿಂದ ನೀರು ಬಿಡುವುದು ಅತ್ಯುತ್ತಮ ಪರಿಹಾರ. ಮಣ್ಣೂ ಅದರಲ್ಲಿಯೇ ತಳಕ್ಕೆ ಇಳಿಯುತ್ತದೆ. ಅದಾಗದಿದ್ದರೆ ಒತ್ತಡ ಇಳಿಸುವ ವಾಲ್ವ್ ಹಾಕಿಸಬೇಕು.

ಸೇಫ್ಟಿ ವಾಲ್ವ್ ಎರಡು ಕೆಲಸ ಮಾಡುತ್ತದೆ. ಒಳಗಿನ ಬಿಸಿನೀರು ತಣ್ಣೀರಿನ ಪೈಪಿಗೆ ಹಿಂದಿರುಗದಂತೆ ತಡೆಯುವುದು ಒಂದು, ಒತ್ತಡ ಮಿತಿಮೀರಿದಾಗ ನೀರನ್ನು ಹೊರಗೆ ಬಿಡುವುದು ಇನ್ನೊಂದು. ನೀರು ಕಾದಾಗ ಹಿಗ್ಗುತ್ತದೆ: 18 ಡಿಗ್ರಿಯಿಂದ 60ಕ್ಕೆ ಏರಿದಾಗ 25 ಲೀಟರ್ ನೀರು ಸುಮಾರು 390 ಮಿಲಿಲೀಟರ್‌ನಷ್ಟು ಹೆಚ್ಚಾಗುತ್ತದೆ. ಹಿಂದಕ್ಕೆ ಹೋಗುವ ದಾರಿ ಮುಚ್ಚಿರುವುದರಿಂದ ಆ ಹೆಚ್ಚಿನ ನೀರು ವಾಲ್ವಿನ ಸಣ್ಣ ಬಾಯಿಯಿಂದ ತೊಟ್ಟು ತೊಟ್ಟಾಗಿ ಬೀಳುತ್ತದೆ. ಗೀಸರ್ ಕಾಯುತ್ತಿರುವಾಗ ಹೀಗೆ ತೊಟ್ಟಿಕ್ಕುವುದು ಅದು ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು. ದುರದೃಷ್ಟವೆಂದರೆ ಇದನ್ನೇ ಸೋರಿಕೆ ಎಂದು ತಿಳಿದು ಆ ಬಾಯಿಗೆ ಕಡ್ಡಿ ತುರುಕುವವರು, ಎಂ-ಸೀಲ್ ಮೆತ್ತುವವರು, ವಾಲ್ವನ್ನೇ ಕಿತ್ತು ಬರೀ ನಿಪ್ಪಲ್ ಹಾಕುವವರು ಇದ್ದಾರೆ. ಹೀಗೆ ಮುಚ್ಚಿದ ಗೀಸರಿನಲ್ಲಿ ಮುಂದೊಂದು ದಿನ ಥರ್ಮೋಸ್ಟಾಟೂ ಕಟ್‌ಔಟೂ ಕೆಟ್ಟರೆ ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಕಾಯುತ್ತಾ ಹೋಗುತ್ತದೆ. ಟ್ಯಾಂಕ್ ಬಿರಿದ ಕ್ಷಣದಲ್ಲಿ ಒತ್ತಡ ಇಳಿದು ಅದರಲ್ಲಿ ಒಂದು ಪಾಲು ಒಮ್ಮೆಲೇ ಆವಿಯಾಗುತ್ತದೆ. ನೀರು ಆವಿಯಾದಾಗ ಸಾಧಾರಣ ಒತ್ತಡದಲ್ಲಿ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಗೋಡೆ ಒಡೆಯಲು ಅದು ಸಾಕು. ಆದ್ದರಿಂದ ಹೊಸ ಗೀಸರಿನೊಂದಿಗೆ ಹೊಸ ವಾಲ್ವನ್ನೇ ಹಾಕಿಸಬೇಕು, ಹಳೆಯದನ್ನು ಉಳಿಸಿಕೊಳ್ಳುವ ಮಾತೇ ಬೇಡ. ಅದರ ಬಾಯಿಗೆ ಸಣ್ಣ ನಳಿಕೆ ಸಿಕ್ಕಿಸಿ ಬಚ್ಚಲಿನ ನೆಲದವರೆಗೆ ಇಳಿಬಿಟ್ಟರೆ ತೊಟ್ಟಿಕ್ಕುವ ನೀರು ಯಾರ ತಲೆಯ ಮೇಲೂ ಬೀಳುವುದಿಲ್ಲ, ಮುಚ್ಚುವ ಮನಸ್ಸೂ ಬಾರದು.

ವಿದ್ಯುತ್ತಿನ ಭಾಗದಲ್ಲಿ ಯಾವ ರಾಜಿಯೂ ಸಲ್ಲದು. 2,000 ವ್ಯಾಟ್‌ನ ಗೀಸರ್ 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬೋರ್ಡಿನಿಂದ ಪ್ರತ್ಯೇಕವಾಗಿ ಎಳೆದ, ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರ್, ಅದರದ್ದೇ ಆದ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿಮೀರಿ ಹರಿದರೆ ತಾನೇ ಕಡಿಯುವ ಸ್ವಿಚ್), ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಸ್ವಿಚ್ ಬೇಕು. ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ತೆಳು ಅಲ್ಯುಮಿನಿಯಂ ವೈರ್ ಈಗಲೂ ಉಂಟು; ಅದರ ಮೇಲೆ ಹೊಸ ಗೀಸರ್ ಹಾಕಬಾರದು. ಹಳೆಯ ಪ್ಲಗ್ಗನ್ನು ಕಿತ್ತು ಸಾಕೆಟ್ಟಿನ ಮುಖವನ್ನು ಟಾರ್ಚ್ ಹಿಡಿದು ನೋಡಿ. ಮೂರು ತೂತುಗಳಲ್ಲಿ ಒಂದರ ಸುತ್ತ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಅಥವಾ ಕಂದು ಉಂಗುರ ಮೂಡಿದ್ದರೆ, ಪಿನ್ನಿನ ತುದಿ ಕಪ್ಪಾಗಿದ್ದರೆ, ಅಲ್ಲಿ ಹಿಡಿತ ಸಡಿಲವಾಗಿ ವರ್ಷಗಳಿಂದ ಕಾದಿದೆ ಎಂದರ್ಥ. ಅಂಥ ಸಾಕೆಟ್ಟಿಗೆ ಹೊಸ ಗೀಸರಿನ ಪ್ಲಗ್ ಸಿಕ್ಕಿಸಿದರೆ ಅದೂ ಸುಡುತ್ತದೆ. ಸಾಕೆಟ್ ಮತ್ತು ಅದರ ಹಿಂದಿನ ಸುಟ್ಟ ವೈರಿನ ತುದಿ ಎರಡನ್ನೂ ಬದಲಿಸಬೇಕು. ಎರಡು ಮೂರು ಬಚ್ಚಲುಗಳಿರುವ ಮನೆಯವರು ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆಯೆಂದು ನೋಡಿಕೊಳ್ಳಬೇಕು. ಮೂರು ಗೀಸರ್ ಒಟ್ಟಿಗೆ ಹಾಕಿದರೆ 26 ಆಂಪಿಯರ್ ಆಗುತ್ತದೆ. ಹೋಮ್‌ಸ್ಟೇ ನಡೆಸುವವರು ಇಲ್ಲಿಗೆ ವಿದ್ಯುತ್ ಕೊಡುವ ಕಂಪನಿಯಾದ ಸೆಸ್ಕ್‌ಗೆ ಅರ್ಜಿ ಕೊಟ್ಟು ಲೋಡ್ ಹೆಚ್ಚಿಸಿಕೊಳ್ಳುವುದು ಒಳ್ಳೆಯದು.

ಅರ್ತಿಂಗ್ ಬಗ್ಗೆ ಒಂದು ಮುಖ್ಯ ಸಂಗತಿಯನ್ನು ಹೇಳಬೇಕು. ಹಿಂದೆ ಬಚ್ಚಲಿನ ಪೈಪುಗಳೆಲ್ಲ ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿದ್ದಾಗ ಅವು ನೆಲದೊಳಗೆ ಹಾದುಹೋಗುತ್ತಿದ್ದುದರಿಂದ, ಅರ್ತ್ ವೈರ್ ಕಡಿದಿದ್ದ ಮನೆಯಲ್ಲೂ ಸೋರಿದ ಕರೆಂಟ್ ಸ್ವಲ್ಪಮಟ್ಟಿಗೆ ಪೈಪಿನ ಮೂಲಕ ಭೂಮಿಗೆ ಇಳಿದುಹೋಗುತ್ತಿತ್ತು. ಈಗ ಅವುಗಳ ಜಾಗಕ್ಕೆ ಬಿಸಿನೀರು ತಡೆಯುವ ಪ್ಲಾಸ್ಟಿಕ್ಕಿನ ಸಿಪಿವಿಸಿ ಪೈಪ್ ಬಂದ ಮೇಲೆ ಆ ಆಕಸ್ಮಿಕ ರಕ್ಷಣೆ ಇಲ್ಲವಾಗಿದೆ. ಕಾಯಿಲ್ ಬಿರಿದು ನೀರಿಗೆ ಕರೆಂಟ್ ಸೇರಿದರೆ ನಲ್ಲಿ ಮುಟ್ಟಿದ ಕೈ ಜುಮ್ಮೆನ್ನುತ್ತದೆ. ಹೀಗೆ ಒಮ್ಮೆ ಜುಮ್ಮೆಂದರೂ ಗೀಸರನ್ನು ಆ ಕ್ಷಣದಿಂದ ನಿಲ್ಲಿಸಬೇಕು. ಅರ್ತಿಂಗ್ ಸರಿಯಿದೆಯೇ ಎಂದು ಕೆಲವರು ಫೇಸಿಗೂ ಅರ್ತಿಗೂ ನಡುವೆ 100 ವ್ಯಾಟ್ ಬಲ್ಬ್ ಉರಿಸಿ ನೋಡುತ್ತಾರೆ. ಈ ಪರೀಕ್ಷೆ ಸಾಲದು. ಅರ್ತಿನ ರೋಧ 20 ಓಮ್ ಇದ್ದರೂ ಬಲ್ಬ್ ಪ್ರಕಾಶವಾಗಿಯೇ ಉರಿಯುತ್ತದೆ. ಆದರೆ ಗೀಸರಿನ ಕವಚಕ್ಕೆ ಫೇಸ್ ನೇರವಾಗಿ ತಗುಲಿದಾಗ ಆ ಅರ್ತಿನಲ್ಲಿ ಹರಿಯುವುದು ಹೆಚ್ಚೆಂದರೆ 11.5 ಆಂಪಿಯರ್, ಅಷ್ಟಕ್ಕೆ 16 ಆಂಪಿಯರ್ ಎಂಸಿಬಿ ಬೀಳುವುದೇ ಇಲ್ಲ. 30 ಮಿಲಿಆಂಪಿಯರ್ ಸೋರಿಕೆಗೇ ಕ್ಷಣಾರ್ಧದಲ್ಲಿ ಬೀಳುವ ಆರ್‌ಸಿಸಿಬಿ ಅನಿವಾರ್ಯವಾಗುವುದು ಇದರಿಂದ. ಮಳೆಗಾಲದಲ್ಲಿ ನೆಲ ನೆನೆದಿರುವಾಗ ಎಂಥ ಅರ್ತ್ ಗುಂಡಿಯೂ ಚೆನ್ನಾಗಿಯೇ ತೋರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ನೆಲ ಒಣಗಿದಾಗ ಅಳೆಯಿಸಿದರೆ ಅದರ ನಿಜಸ್ಥಿತಿ ತಿಳಿಯುತ್ತದೆ.

ಅರ್ತ್ ಸಿಗದ ಕಡೆ ಸಾಕೆಟ್ಟಿನೊಳಗೆ ನ್ಯೂಟ್ರಲ್ ಮತ್ತು ಅರ್ತ್ ಪಿನ್ನುಗಳನ್ನು ತುಂಡು ವೈರಿನಿಂದ ಸೇರಿಸಿಬಿಡುವ ಅಭ್ಯಾಸ ಕೆಲವು ಕೆಲಸಗಾರರಲ್ಲಿದೆ. ಕೊಡಗಿನಲ್ಲಿ ಇದು ಬೇರೆಲ್ಲಿಗಿಂತ ಹೆಚ್ಚು ಅಪಾಯಕಾರಿ. ಗಾಳಿಮಳೆಗೆ ಮರ ಬಿದ್ದು ಲೈನಿನ ನ್ಯೂಟ್ರಲ್ ತಂತಿ ಕಡಿದಾಗ, ಆ ಮನೆಯ ಗೀಸರಿನ ಕವಚಕ್ಕೇ ಪೂರ್ತಿ ವೋಲ್ಟೇಜ್ ಬರುತ್ತದೆ. ನ್ಯೂಟ್ರಲ್ ಕಡಿದಾಗ ಇನ್ನೊಂದು ತೊಂದರೆಯೂ ಉಂಟು: ಬೇರೆ ಬೇರೆ ಫೇಸಿನಲ್ಲಿರುವ ಮನೆಗಳ ಲೋಡ್ ಸರಿಸಮವಾಗಿಲ್ಲದಿದ್ದರೆ ಕೆಲವು ಮನೆಗಳಿಗೆ 230ರ ಬದಲು 400 ವೋಲ್ಟಿನ ಹತ್ತಿರ ಬರಬಹುದು. ಅಷ್ಟು ವೋಲ್ಟೇಜಿನಲ್ಲಿ 2,000 ವ್ಯಾಟ್‌ನ ಕಾಯಿಲ್ 6,000 ವ್ಯಾಟ್‌ನಷ್ಟು ಎಳೆಯುತ್ತದೆ. ಬಲ್ಬುಗಳು ಅತಿಯಾಗಿ ಪ್ರಕಾಶಿಸಿದರೆ ಅಥವಾ ಫ್ಯಾನ್ ಹುಚ್ಚಾಪಟ್ಟೆ ತಿರುಗಿದರೆ ಮೇನ್ ಸ್ವಿಚ್ ಆರಿಸಿ 1912ಕ್ಕೆ ದೂರು ಕೊಡಬೇಕು. ಕರೆಂಟ್ ಹೋದಾಗಲೆಲ್ಲ ಗೀಸರಿನ ಸ್ವಿಚ್ ಆರಿಸುವುದನ್ನು ಮನೆಮಂದಿಗೆಲ್ಲ ರೂಢಿ ಮಾಡಿಸುವುದು ಈ ಕಾರಣಕ್ಕಾಗಿಯೇ ಒಳ್ಳೆಯದು. ವೈರಿಂಗ್ ಕೆಲಸಕ್ಕೆ ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಇರುವ ವೈರ್‌ಮನ್‌ಗಳನ್ನೇ ಕರೆಸಬೇಕು. ಪೈಪ್ ಜೋಡಿಸುವವರು ವೈರನ್ನೂ ತಾವೇ ಜೋಡಿಸುತ್ತೇವೆಂದರೆ ಒಪ್ಪಬಾರದು.

ಗೋಡೆಯ ವಿಷಯ ಚಿಕ್ಕದಾದರೂ ಬಿಡುವಂತಿಲ್ಲ. 25 ಲೀಟರಿನ ಗೀಸರ್ ನೀರು ತುಂಬಿದಾಗ 35 ಕಿಲೋ ಆಸುಪಾಸು ತೂಗುತ್ತದೆ. ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಆ್ಯಂಕರ್ ಬೋಲ್ಟ್ ಸಾಕು. ಮಣ್ಣಿನ ದಪ್ಪ ಗೋಡೆಯ ಹಳೆಯ ಮನೆಗಳಲ್ಲಿ ಆ ಬೋಲ್ಟ್ ಹಿಡಿಯುವುದಿಲ್ಲ. ಗೋಡೆಯ ಆಚೆಗೂ ದಾಟುವ ಉದ್ದ ಬೋಲ್ಟಿಗೆ ಹಿಂಬದಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಯಬೇಕು ಅಥವಾ ನೆಲದಿಂದಲೇ ಕಬ್ಬಿಣದ ಸ್ಟ್ಯಾಂಡ್ ಎಬ್ಬಿಸಬೇಕು.

ಕೆಲಸದ ದಿನ ನಡೆಯಬೇಕಾದ ಕ್ರಮ ಇದು. ಹಿಂದಿನ ರಾತ್ರಿಯೇ ಗೀಸರ್ ಆರಿಸಿ ನೀರು ತಣಿಯಲು ಬಿಟ್ಟಿರಬೇಕು. ಎಂಸಿಬಿ ಇಳಿಸಿ, ಟೆಸ್ಟರಿನಿಂದ ನೋಡಿ, ಪ್ಲಗ್ ಕಿತ್ತ ಮೇಲೆ ತಣ್ಣೀರಿನ ಕಾಕ್ ಮುಚ್ಚಿ ಬಿಸಿನೀರಿನ ನಲ್ಲಿಯನ್ನು ತೆರೆದಿಡಬೇಕು. ಆಗ ಸೇಫ್ಟಿ ವಾಲ್ವ್ ಬಿಚ್ಚಿದರೆ ನಲ್ಲಿಯಿಂದ ಗಾಳಿ ಒಳಸೇರಿ ಒಳಗಿನ ನೀರೆಲ್ಲ ಕೆಳಗೆ ಬೀಳುತ್ತದೆ. ಪೂರ್ತಿ ಖಾಲಿಯಾಗುವ ಮೊದಲು ಗೀಸರನ್ನು ಗೋಡೆಯಿಂದ ಎತ್ತಬಾರದು, ಎತ್ತುವಾಗ ಇಬ್ಬರಿರಬೇಕು. ಹಳೆಯದು ಕೆಳಗೆ ಬಂದಾಗ ಅದರ ಮುಚ್ಚಳ ಬಿಚ್ಚಿಸಿ ಕಡ್ಡಿ, ಕಾಯಿಲ್, ತಳದ ಕೆಸರು ಇವನ್ನು ನೋಡುವುದಕ್ಕೆ ಹತ್ತು ನಿಮಿಷ ಕೊಡಬೇಕು. ಬಿಸಿನೀರಿನ ದಾರಿಯಲ್ಲಿ ಸಾಧಾರಣ ಪಿವಿಸಿ ಪೈಪ್ ಕಂಡರೆ ಅದನ್ನು ತೆಗೆಸಿ ಸಿಪಿವಿಸಿ ಹಾಕಿಸಬೇಕು. ಒಳಗೆ ತುಕ್ಕು ಕಟ್ಟಿದ ಜಿಐ ತುಂಡುಗಳನ್ನೂ ಬಿಡಬಾರದು.

ಜೋಡಿಸುವಾಗ ಟೆಫ್ಲಾನ್ ಟೇಪನ್ನು ಮರೆ (ತಿರುಪಿನ ಗೆರೆ) ತಿರುಗುವ ದಿಕ್ಕಿನಲ್ಲೇ ಸುತ್ತಬೇಕು, ಇಲ್ಲದಿದ್ದರೆ ಬಿಗಿಯುವಾಗ ಅದು ಬಿಚ್ಚಿಕೊಳ್ಳುತ್ತದೆ. ಸಿಪಿವಿಸಿಯ ಹಿತ್ತಾಳೆ ಮರೆಯ ಎಲ್ಬೋಗಳನ್ನು ಅತಿಯಾಗಿ ಬಿಗಿದರೆ ಗೋಡೆಯ ಒಳಗೆ ಬಿರುಕು ಬಿಡುತ್ತವೆ, ಆ ಸೋರಿಕೆ ತಿಂಗಳುಗಳ ನಂತರ ಪಕ್ಕದ ಕೋಣೆಯ ಗೋಡೆಯಲ್ಲಿ ಕಾಣುತ್ತದೆ. ಎಲ್ಲ ಆದ ಮೇಲೆ ಕಾಕ್ ತೆರೆದು ಬಿಸಿನೀರಿನ ನಲ್ಲಿಯಲ್ಲಿ ಮೊದಲು ಗಾಳಿ ಬುಸುಗುಟ್ಟಿ, ಆಮೇಲೆ ಒಂದೇ ಸಮನೆ ನೀರು ಬರುವವರೆಗೂ ಕಾಯಬೇಕು. ಹೀಗೆ ನೀರು ಬಂದ ನಂತರವೇ ಸ್ವಿಚ್ ಹಾಕಬೇಕು, ಖಾಲಿ ಟ್ಯಾಂಕಿನಲ್ಲಿ ಕಾಯಿಲ್ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗುತ್ತದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಅದು ಬೀಳುವುದನ್ನು ಮನೆಯವರ ಮುಂದೆಯೇ ತೋರಿಸಬೇಕು. ದೀಪ ಆರಿ ಥರ್ಮೋಸ್ಟಾಟ್ ಕಡಿಯುವವರೆಗೆ ಕೆಲಸಗಾರ ನಿಂತು, ಜೋಡಣೆಗಳನ್ನು ಒಣಬಟ್ಟೆಯಿಂದ ಒರೆಸಿ ನೋಡಿ ಹೋಗಬೇಕು. ಇಷ್ಟು ಮಾಡಲು ಅರ್ಧ ದಿನ ಬೇಕು, ಅದಕ್ಕೆ ತಕ್ಕ ಕೂಲಿಯನ್ನು ಮನೆಯವರೂ ಸಂತೋಷದಿಂದ ಕೊಡಬೇಕು.

ಕರೆಂಟಿನ ಕಾಟಕ್ಕೆ ಬೇಸತ್ತು ಗ್ಯಾಸ್ ಗೀಸರ್ ಹಾಕಿಸಲು ಯೋಚಿಸುವವರಿಗೆ ಒಂದು ಮಾತು. ಅದನ್ನು ಬಚ್ಚಲಿನ ಒಳಗೆ ಎಂದೂ ಕೂರಿಸಬಾರದು. ಗಾಳಿ ಸಾಲದೆ ಗ್ಯಾಸ್ ಅರ್ಧಂಬರ್ಧ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಆಕ್ರಮಿಸಿ, ತಲೆಸುತ್ತು ಬಂದು ಬಾಗಿಲು ತೆರೆಯುವಷ್ಟರಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ಚಳಿಗೆ ಕಿಟಕಿಯ ಸಂದುಗಳನ್ನೂ ಮುಚ್ಚಿಕೊಳ್ಳುವ ನಮ್ಮ ಮನೆಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಗೀಸರನ್ನು ಹೊರಗೋಡೆಗೆ, ಗಾಳಿಯಾಡುವ ಕಡೆ ಹಾಕಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತರಬೇಕು. ಸೋಲಾರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬಿ ಕೂರುವಂತಿಲ್ಲ. ಹಿತ್ತಿಲ ಬಚ್ಚಲಿನಲ್ಲಿ ಒಲೆಯ ಮೇಲೆ ಹಂಡೆ ಇನ್ನೂ ಇರುವವರು ಅದನ್ನು ಉಳಿಸಿಕೊಳ್ಳಲಿ. ಮೂರು ನಾಲ್ಕು ದಿನ ಕರೆಂಟ್ ಇಲ್ಲದಾಗ ಅದೇ ಆಸರೆ.

ಹೊಸ ಗೀಸರಿನ ಥರ್ಮೋಸ್ಟಾಟನ್ನು 60 ಡಿಗ್ರಿಯ ಆಸುಪಾಸಿನಲ್ಲಿ ಇಡಬಹುದು. ಅದಕ್ಕಿಂತ ತೀರಾ ಕಡಿಮೆ ಇಟ್ಟರೆ ನಿಂತ ಬೆಚ್ಚಗಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಬಹುದು. ಆದರೆ 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುವುದರಿಂದ ಮಕ್ಕಳೂ ವಯಸ್ಸಾದವರೂ ಇರುವ ಮನೆಯಲ್ಲಿ ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬೆರೆಸಬೇಕು. ಹಾಕಿಸಿದ ತಾರೀಖನ್ನು ಅಳಿಸದ ಶಾಯಿಯಲ್ಲಿ ಕವಚದ ಬದಿಯಲ್ಲೇ ಬರೆಸಿಡಿ. ಮೊದಲ ವರ್ಷ ಮುಗಿದಾಗ, ಮಳೆಗಾಲಕ್ಕೆ ಮುನ್ನ ಏಪ್ರಿಲ್‌ನಲ್ಲೋ ಮೇಯಲ್ಲೋ, ಆ್ಯನೋಡ್ ಕಡ್ಡಿಯನ್ನು ತೆಗೆಸಿ ನೋಡಬೇಕು; ಅದು ಎಷ್ಟು ಸವೆದಿದೆ ಎಂಬುದರ ಮೇಲೆ ಮುಂದೆ ವರ್ಷಕ್ಕೊಮ್ಮೆ ನೋಡಬೇಕೋ ಎರಡು ವರ್ಷಕ್ಕೊಮ್ಮೆ ಸಾಕೋ ಎಂದು ನಿಮ್ಮ ಮನೆಯ ನೀರೇ ತಿಳಿಸುತ್ತದೆ. ವಾರಂಟಿ ಕಾರ್ಡಿನಲ್ಲಿ ಟ್ಯಾಂಕಿಗೆ ಒಂದು ಅವಧಿ, ಕಾಯಿಲಿಗೆ ಅದಕ್ಕಿಂತ ಕಡಿಮೆ ಅವಧಿ ಬರೆದಿರುವುದು ಸಾಮಾನ್ಯ. ಸೇಫ್ಟಿ ವಾಲ್ವ್ ಇಲ್ಲದಿದ್ದರೆ, ನೀರಿನ ಒತ್ತಡ ಮಿತಿ ಮೀರಿದ್ದರೆ ವಾರಂಟಿ ಸಿಗದು ಎಂಬ ಷರತ್ತೂ ಹಲವು ಕಾರ್ಡುಗಳಲ್ಲಿ ಇರುತ್ತದೆ. ಅಂಗಡಿಯ ಬಿಲ್ಲಿನೊಂದಿಗೆ, ಅಳೆದ ಒತ್ತಡ, ವೋಲ್ಟೇಜ್ ಮತ್ತು ಅರ್ತ್ ರೋಧದ ಸಂಖ್ಯೆಗಳನ್ನು ಕೆಲಸಗಾರನಿಂದಲೇ ಬರೆಸಿ ಸಹಿ ಹಾಕಿಸಿ ಅದೇ ಲಕೋಟೆಯಲ್ಲಿ ಇಟ್ಟುಕೊಳ್ಳಬೇಕು.